ಸಿಎಫ್‌ಪಿ ಓದಿಗೆ ಸ್ಕಾಲರ್‌ಶಿಪ್: ಯಾವ ಖರ್ಚಿಗೆ, ಯಾವಾಗ, ತೆರಿಗೆ ಕಳೆದು ಎಷ್ಟು?

ಅಮೆರಿಕದಲ್ಲಿ ಫೈನಾನ್ಶಿಯಲ್ ಪ್ಲಾನರ್, ಅಂದರೆ ಜನರ ಹಣಕಾಸಿಗೆ ಯೋಜನೆ ಹಾಕಿಕೊಡುವವರು, ಅಂತ ಹೇಳಿಕೊಳ್ಳಲು ಸಿಎಫ್‌ಪಿ (ಸರ್ಟಿಫೈಡ್ ಫೈನಾನ್ಶಿಯಲ್ ಪ್ಲಾನರ್) ಪ್ರಮಾಣಪತ್ರ ಕಡ್ಡಾಯವಲ್ಲ. ಆದರೂ ಈ ದಾರಿ ಹಿಡಿದವರು ಬೇಗನೋ ತಡವಾಗಿಯೋ ಅದರ ಮುಂದೆ ಬಂದು ನಿಲ್ಲುತ್ತಾರೆ. ನಿಂತ ಮೇಲೆ ಮೊದಲು ಕಾಡುವುದು ಸಿಲಬಸ್ ಅಲ್ಲ, ದುಡ್ಡು. ಈ ಟಿಪ್ಪಣಿ ಆ ದುಡ್ಡಿನ ಬಗ್ಗೆ. ಸ್ಕಾಲರ್‌ಶಿಪ್ ಹುಡುಕುವಾಗ ಎಲ್ಲರೂ ಮೊತ್ತ ನೋಡುತ್ತಾರೆ. ಆ ಹಣ ಯಾವ ಖರ್ಚಿಗೆ ಸಲ್ಲುತ್ತದೆ, ಯಾವಾಗ ಕೈಗೆ ಬರುತ್ತದೆ, ತೆರಿಗೆ ಕಳೆದು ಎಷ್ಟು ಉಳಿಯುತ್ತದೆ ಅನ್ನುವುದನ್ನು ನೋಡುವವರು ಕಡಿಮೆ. ನನ್ನ ಲೆಕ್ಕದಲ್ಲಿ ನೋಡಬೇಕಾದ್ದು ಅದನ್ನೇ.

ಮೊದಲು ಖರ್ಚು ಎಲ್ಲೆಲ್ಲಿ ಅಂತ ತಿಳಿಯೋಣ

ಪ್ರಮಾಣಪತ್ರ ಕೊಡುವುದು ವಾಷಿಂಗ್ಟನ್ ಡಿಸಿಯಲ್ಲಿರುವ ಸಿಎಫ್‌ಪಿ ಬೋರ್ಡ್. ಅದು ನಾಲ್ಕು ವಿಷಯ ಕೇಳುತ್ತದೆ: ಓದು, ಪರೀಕ್ಷೆ, ಅನುಭವ, ನೀತಿ. ಓದು ಅಂದರೆ ಬೋರ್ಡ್‌ನಲ್ಲಿ ನೋಂದಾಯಿಸಿದ ಸಂಸ್ಥೆಯಲ್ಲಿ ನಿಗದಿತ ಕೋರ್ಸುಗಳು, ಕೊನೆಗೆ ಒಂದು ಪೂರ್ತಿ ಆರ್ಥಿಕ ಯೋಜನೆ ಬರೆಯುವ ಕ್ಯಾಪ್‌ಸ್ಟೋನ್, ಜೊತೆಗೆ ಯಾವುದಾದರೂ ವಿಷಯದಲ್ಲಿ ಬ್ಯಾಚುಲರ್ ಡಿಗ್ರಿ. ಡಿಗ್ರಿ ಇನ್ನೂ ಮುಗಿದಿಲ್ಲವಾದರೂ ಪರೀಕ್ಷೆ ಬರೆಯಬಹುದು. ಪಾಸಾದ 5 ವರ್ಷದೊಳಗೆ ಮುಗಿಸಿದರೆ ಸಾಕು.

ಪರೀಕ್ಷೆಯಲ್ಲಿ 170 ಪ್ರಶ್ನೆ, ತಲಾ 3 ಗಂಟೆಯ ಎರಡು ಅವಧಿ. ಮಾರ್ಚ್, ಜುಲೈ, ನವೆಂಬರ್ ಹೀಗೆ ವರ್ಷಕ್ಕೆ ಮೂರು ಸಲ ನಡೆಯುತ್ತದೆ. ಅನುಭವ ಸಾಮಾನ್ಯ ದಾರಿಯಲ್ಲಿ 6,000 ಗಂಟೆ, ಅಪ್ರೆಂಟಿಸ್‌ಶಿಪ್ ದಾರಿಯಲ್ಲಿ 4,000 ಗಂಟೆ. ಈ ಗಂಟೆಗಳಿಗೆ ನೀವು ದುಡ್ಡು ಕೊಡಬೇಕಿಲ್ಲ, ಸಂಬಳ ಬರುತ್ತದೆ. ಹಾಗಾಗಿ ಖರ್ಚಿನ ಪಟ್ಟಿಯಿಂದ ಅದನ್ನು ಬಿಡಿ.

ಉಳಿದಿದ್ದು ಏನು? ಕೋರ್ಸ್ ಶುಲ್ಕ ದೊಡ್ಡದು, ಸಾಮಾನ್ಯವಾಗಿ ಕೆಲವು ಸಾವಿರ ಡಾಲರ್. ಪರೀಕ್ಷೆಯ ಶುಲ್ಕ ಬೇರೆ. ಬೇಗ ನೋಂದಾಯಿಸಿದರೆ ಅದು ಸ್ವಲ್ಪ ಕಡಿಮೆ, ತಡ ಮಾಡಿದರೆ ಜಾಸ್ತಿ. ಇವೆರಡರ ನಡುವೆ ಕುಳಿತಿರುವುದು ರಿವ್ಯೂ ಕೋರ್ಸ್, ಅಂದರೆ ಪರೀಕ್ಷೆಗೆ ಮುಂಚಿನ ತಯಾರಿ ತರಗತಿ. ಬೋರ್ಡ್ ಇದನ್ನು ಕಡ್ಡಾಯ ಮಾಡಿಲ್ಲ. ಆದರೆ ಬಹಳಷ್ಟು ಜನ ಇದನ್ನು ತೆಗೆದುಕೊಂಡೇ ತೆಗೆದುಕೊಳ್ಳುತ್ತಾರೆ. ಪಾಸಾದ ಮೇಲೆ ಅರ್ಜಿ ಶುಲ್ಕ, ಪ್ರತಿ ವರ್ಷದ ಶುಲ್ಕ ಇದ್ದೇ ಇದೆ.

ಈಗ ಒಂದು ಸ್ಕಾಲರ್‌ಶಿಪ್ ಪ್ರಕಟಣೆ ತೆಗೆದು ಓದಿ. 'ಕೋರ್ಸ್ ಶುಲ್ಕಕ್ಕೆ ಮಾತ್ರ' ಅಂತ ಇರುವುದೇ ಜಾಸ್ತಿ. ರಿವ್ಯೂ ಕೋರ್ಸಿಗೂ ಪರೀಕ್ಷೆಗೂ ನಿಮ್ಮ ಜೇಬೇ ಗತಿ. ಇದು ಗೊತ್ತಿಲ್ಲದೆ ಖುಷಿಪಟ್ಟರೆ ನೋಂದಣಿ ಹೊತ್ತಿಗೆ ಪರದಾಟ ಶುರು.

ಕೊಡುವವರು ಯಾರು?

ಸಿಎಫ್‌ಪಿ ಬೋರ್ಡ್ 2015ರಲ್ಲಿ ಸೆಂಟರ್ ಫಾರ್ ಫೈನಾನ್ಶಿಯಲ್ ಪ್ಲಾನಿಂಗ್ ಶುರು ಮಾಡಿತು. ಈ ವೃತ್ತಿಯಲ್ಲಿ ಹೆಂಗಸರು, ಕಪ್ಪುವರ್ಣೀಯರು, ಲ್ಯಾಟಿನೋ ಸಮುದಾಯದವರು ತುಂಬಾ ಕಡಿಮೆ ಇದ್ದಾರೆ ಅನ್ನುವುದು ಅದರ ಹಿಂದಿನ ಮುಖ್ಯ ಕಾಳಜಿಗಳಲ್ಲಿ ಒಂದು. ಈ ಸೆಂಟರ್ ಮೂಲಕ ಬಂದ ಸ್ಕಾಲರ್‌ಶಿಪ್‌ಗಳಲ್ಲಿ ಹಲವು 5,000 ಡಾಲರ್‌ವರೆಗಿನವು, ಕೋರ್ಸ್ ಶುಲ್ಕಕ್ಕೆಂದೇ ಇಟ್ಟವು. ಹಣ ಹಾಕುವುದು ಹೆಚ್ಚಾಗಿ ದೊಡ್ಡ ಹಣಕಾಸು ಕಂಪನಿಗಳು. ಇದು ದಾನ ಮಾತ್ರ ಅಲ್ಲ, ಅವರಿಗೂ ಮುಂದೆ ಪ್ಲಾನರ್‌ಗಳು ಬೇಕಲ್ವಾ!

ಪ್ಲಾನರ್‌ಗಳ ಸಂಘವಾದ ಫೈನಾನ್ಶಿಯಲ್ ಪ್ಲಾನಿಂಗ್ ಅಸೋಸಿಯೇಷನ್‌ನ ಕೆಲವು ಸ್ಥಳೀಯ ಘಟಕಗಳೂ ವಿದ್ಯಾರ್ಥಿಗಳಿಗೆ ಕೊಡುತ್ತವೆ. ಮೊತ್ತ ಚಿಕ್ಕದು, ಅರ್ಜಿ ಹಾಕುವವರೂ ಕಡಿಮೆ. ನನ್ನ ಸಲಹೆ ಕೇಳಿದರೆ ಮೊದಲು ಇವನ್ನೇ ನೋಡಿ. ಕೋರ್ಸ್ ನಡೆಸುವ ಕಾಲೇಜಿನ ಫೈನಾನ್ಶಿಯಲ್ ಏಡ್ ಕಚೇರಿಗೂ ಒಂದು ಇಮೇಲ್ ಹಾಕಿ.

ಇನ್ನು ಉದ್ಯೋಗದಾತರು. ಅಮೆರಿಕದ ತೆರಿಗೆ ಕಾನೂನಿನ ಸೆಕ್ಷನ್ 127ರ ಪ್ರಕಾರ ಕಂಪನಿ ತನ್ನ ಲಿಖಿತ ಯೋಜನೆಯಡಿ ನೌಕರರ ಓದಿಗೆ ವರ್ಷಕ್ಕೆ 5,250 ಡಾಲರ್‌ವರೆಗೆ ಕೊಟ್ಟರೆ ಅದು ನೌಕರರ ಆದಾಯಕ್ಕೆ ಸೇರುವುದಿಲ್ಲ. ತೆರಿಗೆ ಸೊನ್ನೆ. ಡಿಗ್ರಿಗೇ ಓದುತ್ತಿರಬೇಕು ಅನ್ನುವ ಷರತ್ತೂ ಇಲ್ಲ. ಆದರೆ ಮೂರು ಸಂಗತಿ ಕೇಳಿಕೊಳ್ಳಿ: ಮೊದಲೇ ಕೊಡುತ್ತಾರಾ ಅಥವಾ ಕೋರ್ಸ್ ಮುಗಿಸಿ ಅಂಕಪಟ್ಟಿ ತೋರಿಸಿದ ಮೇಲಾ, ಫೇಲಾದರೆ ಏನು, ಇಷ್ಟು ವರ್ಷದೊಳಗೆ ಕೆಲಸ ಬಿಟ್ಟರೆ ವಾಪಸ್ ಕೊಡಬೇಕಾ. ಮೂರನೆಯದನ್ನು ಬರಹದಲ್ಲೇ ಪಡೆಯಿರಿ.

ಮನೆಯಲ್ಲಿ 529 ಖಾತೆಯಲ್ಲಿ (ಓದಿಗೆಂದು ಕೂಡಿಡುವ, ತೆರಿಗೆ ಅನುಕೂಲ ಇರುವ ಉಳಿತಾಯ ಖಾತೆ) ಹಣ ಉಳಿದಿದ್ದರೆ ಅದೂ ಒಂದು ದಾರಿ. 2025ರ ಜುಲೈನಲ್ಲಿ ಜಾರಿಯಾದ ಕಾನೂನು ಮಾನ್ಯತೆ ಪಡೆದ ವೃತ್ತಿ ಪ್ರಮಾಣಪತ್ರಗಳ ಕೋರ್ಸ್ ಶುಲ್ಕಕ್ಕೂ ಪರೀಕ್ಷೆ ಶುಲ್ಕಕ್ಕೂ ಈ ಖಾತೆ ಬಳಸಲು ಬಿಟ್ಟಿದೆ. ಸ್ಕಾಲರ್‌ಶಿಪ್ ಮುಟ್ಟದ ಜಾಗವನ್ನು ಇದು ತುಂಬಬಲ್ಲದು.

ತೆರಿಗೆಯ ಗಂಟು

ಇದನ್ನು ನಿಧಾನವಾಗಿ ಓದಿ. ಪರೀಕ್ಷೆಯಲ್ಲಿ ತೆರಿಗೆ ವಿಷಯಕ್ಕೇ 14% ತೂಕ ಇದೆ, ಈ ಲೆಕ್ಕ ಅಲ್ಲೂ ಉಪಯೋಗಕ್ಕೆ ಬರುತ್ತದೆ.

ಸ್ಕಾಲರ್‌ಶಿಪ್ ಅಂದರೆ ತೆರಿಗೆ ಇಲ್ಲ ಅಂತ ಸುಮ್ನೆ ಅಂದುಕೊಳ್ಳುತ್ತೇವೆ. ಸೆಕ್ಷನ್ 117 ಹೇಳುವುದು ಬೇರೆ. ನೀವು ಅರ್ಹ ಶಿಕ್ಷಣ ಸಂಸ್ಥೆಯಲ್ಲಿ ಡಿಗ್ರಿಗೆ ಓದುತ್ತಿದ್ದರೆ, ಹಣ ಶುಲ್ಕಕ್ಕೋ ಕಡ್ಡಾಯ ಪುಸ್ತಕಕ್ಕೋ ಹೋದರೆ ಮಾತ್ರ ತೆರಿಗೆ ಇಲ್ಲ. ಡಿಗ್ರಿ ಮುಗಿಸಿ, ಕೆಲಸ ಮಾಡುತ್ತಾ, ಸಂಜೆ ಹೊತ್ತು ಸಿಎಫ್‌ಪಿ ಸರ್ಟಿಫಿಕೇಟ್ ಕೋರ್ಸ್ ಮಾಡುವವರು ಡಿಗ್ರಿ ವಿದ್ಯಾರ್ಥಿಗಳಲ್ಲ. ಹಾಗಾಗಿ ಅವರಿಗೆ ಆ ಸ್ಕಾಲರ್‌ಶಿಪ್ ಸಾಮಾನ್ಯವಾಗಿ ಆದಾಯವೇ.

ಇನ್ನೊಂದು ಬದಿಯಲ್ಲಿ ಲೈಫ್‌ಟೈಮ್ ಲರ್ನಿಂಗ್ ಕ್ರೆಡಿಟ್ ಇದೆ. ಅರ್ಹ ಸಂಸ್ಥೆಗೆ ಕಟ್ಟಿದ ಶುಲ್ಕದಲ್ಲಿ 10,000 ಡಾಲರ್‌ವರೆಗೆ 20%, ಅಂದರೆ ಗರಿಷ್ಠ 2,000 ಡಾಲರ್, ನೀವು ಕಟ್ಟಬೇಕಾದ ತೆರಿಗೆಯಲ್ಲೇ ಕಡಿಮೆಯಾಗುತ್ತದೆ. ಕೆಲಸದ ಕೌಶಲ್ಯಕ್ಕಾಗಿ ಓದುವವರಿಗೂ ಸಿಗುತ್ತದೆ. ಒಂಟಿಯಾಗಿ ರಿಟರ್ನ್ ಸಲ್ಲಿಸುವವರಿಗೆ ಆದಾಯ 80,000 ಡಾಲರ್ ದಾಟಿದರೆ ಕರಗುತ್ತಾ ಹೋಗಿ 90,000ಕ್ಕೆ ಇಲ್ಲವಾಗುತ್ತದೆ. ತೆರಿಗೆ ಇಲ್ಲದ ಸ್ಕಾಲರ್‌ಶಿಪ್‌ನಿಂದ ಕಟ್ಟಿದ ಶುಲ್ಕಕ್ಕೆ ಈ ಕ್ರೆಡಿಟ್ ಕೇಳುವಂತಿಲ್ಲ. ಆದರೆ ಆದಾಯ ಅಂತ ತೋರಿಸಿ ತೆರಿಗೆ ಕಟ್ಟಿದ ಸ್ಕಾಲರ್‌ಶಿಪ್‌ನಿಂದ ಕಟ್ಟಿದ ಶುಲ್ಕಕ್ಕೆ ಕೇಳಬಹುದು. ಗಂಟು ಬಿಚ್ಚುವುದು ಇಲ್ಲೇ.

ಒಂದು ಉದಾಹರಣೆ ಹಾಕೋಣ. ಕೋರ್ಸ್ ಶುಲ್ಕ 4,500 ಡಾಲರ್ ಅಂದುಕೊಳ್ಳಿ. ಸ್ಕಾಲರ್‌ಶಿಪ್ 3,000. ನೀವು ಡಿಗ್ರಿ ವಿದ್ಯಾರ್ಥಿ ಅಲ್ಲ, ತೆರಿಗೆ ದರ 22%. ಸ್ಕಾಲರ್‌ಶಿಪ್ ಮೇಲೆ ಬೀಳುವ ಫೆಡರಲ್ ತೆರಿಗೆ 660. ನಿಮ್ಮ ಕೈಯಿಂದ ಕಟ್ಟಿದ್ದು 1,500. ಪೂರ್ತಿ 4,500ಕ್ಕೆ ಕ್ರೆಡಿಟ್ ಕೇಳಿದರೆ 900. ಕೊನೆಗೆ ನಿಮಗೆ ತಗುಲಿದ್ದು 1,500 ಕೂಡಿಸು 660 ಕಳೆ 900, ಅಂದರೆ 1,260 ಡಾಲರ್. ಕ್ರೆಡಿಟ್ ಮರೆತರೆ 2,160. ಕ್ರೆಡಿಟ್ ಕೇಳುವ ಒಂದು ಫಾರ್ಮ್ 8863 ತುಂಬದಿದ್ದಕ್ಕೆ 900 ಡಾಲರ್ ಹೋಯಿತು!

ಮೂರು ಎಚ್ಚರಿಕೆ. 'ಅರ್ಹ ಸಂಸ್ಥೆ' ಅಂದರೆ ಫೆಡರಲ್ ವಿದ್ಯಾರ್ಥಿ ನೆರವಿಗೆ ಅರ್ಹವಾದದ್ದು. ಸಿಎಫ್‌ಪಿ ಬೋರ್ಡ್‌ನಲ್ಲಿ ನೋಂದಣಿ ಇದೆ ಅಂದ ಮಾತ್ರಕ್ಕೆ ಅದು ಅರ್ಹ ಆಗುವುದಿಲ್ಲ. ಸೇರುವ ಮುಂಚೆ 1098-ಟಿ ಫಾರ್ಮ್ (ಶುಲ್ಕದ ಲೆಕ್ಕ ತೋರಿಸುವ ತೆರಿಗೆ ಪತ್ರ) ಕೊಡುತ್ತೀರಾ ಅಂತ ಕೇಳಿದರೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. ಇನ್ನೊಂದು, ಈ ಕ್ರೆಡಿಟ್ ನಿಮ್ಮ ತೆರಿಗೆಯನ್ನು ಸೊನ್ನೆವರೆಗೆ ಇಳಿಸಬಹುದು ಅಷ್ಟೆ, ಮಿಕ್ಕಿದ್ದನ್ನು ಕೈಗೆ ಕೊಡುವುದಿಲ್ಲ. ಕಂಪನಿ ಸೆಕ್ಷನ್ 127ರಲ್ಲಿ ಕಟ್ಟಿದ ಶುಲ್ಕಕ್ಕೂ ಕ್ರೆಡಿಟ್ ಇಲ್ಲ. ಈ ನಿಯಮಗಳನ್ನೆಲ್ಲ ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ನ ಪಬ್ಲಿಕೇಶನ್ 970ರಲ್ಲಿ ಉದಾಹರಣೆ ಸಮೇತ ವಿವರಿಸಿದ್ದಾರೆ. ಓದಲು ಬೋರು, ಆದರೆ ಓದಿ.

ಪ್ರಬಂಧದಲ್ಲಿ ಏನು ಬರೆಯುವುದು?

'ಜನರಿಗೆ ಸಹಾಯ ಮಾಡುವ ಆಸೆಯಿಂದ ಈ ವೃತ್ತಿ ಆರಿಸಿಕೊಂಡೆ' ಅನ್ನುವ ವಾಕ್ಯ ಆಯ್ಕೆ ಸಮಿತಿಯವರಿಗೆ ಬಾಯಿಪಾಠ ಆಗಿರುತ್ತದೆ. ಯಾರಿಗೆ, ಯಾವ ಸಹಾಯ? ಕಡಿಮೆ ಆದಾಯದವರ ರಿಟರ್ನ್ ಉಚಿತವಾಗಿ ತುಂಬಿಕೊಡುವ ವೀಟಾ ಅನ್ನುವ ಐಆರ್‌ಎಸ್ ಕಾರ್ಯಕ್ರಮ ಇದೆ. ಅಲ್ಲಿ ಸ್ವಯಂಸೇವೆ ಮಾಡಿದವರು ಹೀಗೆ ಬರೆಯಬಹುದು: 'ಎರಡು ಪಾರ್ಟ್‌ಟೈಮ್ ಕೆಲಸ ಮಾಡುವ ತಾಯಿಯೊಬ್ಬರು ಕಡಿಮೆ ಆದಾಯದ ದುಡಿಯುವವರಿಗೆ ಇರುವ, ತಮಗೂ ಸಿಗಬೇಕಿದ್ದ ಅರ್ನ್ಡ್ ಇನ್‌ಕಮ್ ಕ್ರೆಡಿಟ್ ಅನ್ನು ಹಿಂದಿನ ವರ್ಷ ಕೇಳಿಯೇ ಇರಲಿಲ್ಲ. ತಿದ್ದುಪಡಿ ರಿಟರ್ನ್ ಹಾಕಿಸಿದೆವು. ಬರುವ ಹಣದಲ್ಲಿ ಮೊದಲು ಯಾವ ಸಾಲ ತೀರಿಸಲಿ ಅಂತ ಅವರು ಕೇಳಿದಾಗ ನನ್ನಲ್ಲಿ ಉತ್ತರ ಇರಲಿಲ್ಲ.' ಈ ಕೊನೆಯ ಸಾಲು ಕೋರ್ಸ್ ಯಾಕೆ ಬೇಕು ಅನ್ನುವುದನ್ನು ತಾನೇ ಹೇಳುತ್ತದೆ. ಮುಂದಿನ ಪ್ಯಾರಾದಲ್ಲಿ ವೇಳಾಪಟ್ಟಿ ಕೊಡಿ: ಯಾವ ಕೋರ್ಸ್ ಯಾವ ತಿಂಗಳು, ಯಾವ ಪರೀಕ್ಷೆಗೆ ಕೂರುತ್ತೀರಿ, ಸ್ಕಾಲರ್‌ಶಿಪ್ ಮೀರಿದ ಖರ್ಚಿಗೆ ಏನು ದಾರಿ. ಪ್ಲಾನರ್ ಆಗಬೇಕು ಅನ್ನುವವರ ಸ್ವಂತ ಯೋಜನೆ ಪೊಳ್ಳಾಗಿದ್ದರೆ ಯಾರು ತಾನೆ ಹಣ ಕೊಟ್ಟಾರು?

ವೇಳಾಪಟ್ಟಿಯನ್ನು ಪರೀಕ್ಷೆಯ ದಿನದಿಂದ ಹಿಂದಕ್ಕೆ ಎಣಿಸುತ್ತಾ ಹಾಕಿ. ಉದಾಹರಣೆಗೆ ನವೆಂಬರ್ ಪರೀಕ್ಷೆ ಅಂದರೆ ಅದಕ್ಕೂ ಮುಂಚೆ ಬೋರ್ಡ್ ಹೇಳಿದ ಗಡುವಿನೊಳಗೆ ಕ್ಯಾಪ್‌ಸ್ಟೋನ್ ಸೇರಿ ಎಲ್ಲ ಕೋರ್ಸೂ ಮುಗಿದಿರಬೇಕು. ಕೋರ್ಸ್ ಶುರುವಾಗುವ ಮುಂಚೆ ಸ್ಕಾಲರ್‌ಶಿಪ್ ಫಲಿತಾಂಶ ಬರಬೇಕು. ಈಗಾಗಲೇ ಕಟ್ಟಿದ ಶುಲ್ಕವನ್ನು ಕೆಲವರು ತುಂಬಿಕೊಡುವುದಿಲ್ಲ. ಅಂಥ ಕಡೆ ಅವಸರಕ್ಕೆ ಸೇರಿಕೊಂಡರೆ ಅರ್ಹತೆಯೇ ಹೋಗುತ್ತದೆ.

ಈಗಾಗಲೇ ಸಿಪಿಎ (ಅಮೆರಿಕದ ಪರವಾನಗಿ ಪಡೆದ ಲೆಕ್ಕಪರಿಶೋಧಕರು), ಸಿಎಫ್‌ಎ (ಹೂಡಿಕೆ ವಿಶ್ಲೇಷಣೆಯ ಪ್ರಮಾಣಪತ್ರ ಪಡೆದವರು) ಆಗಿರುವವರಿಗೆ, ವಕೀಲರಿಗೆ, ಅರ್ಥಶಾಸ್ತ್ರ ಅಥವಾ ಬಿಸಿನೆಸ್‌ನಲ್ಲಿ ಪಿಎಚ್‌ಡಿ ಇರುವವರಿಗೆ ಬೋರ್ಡ್ ವೇಗದ ದಾರಿ ಇಟ್ಟಿದೆ. ಅವರು ಉಳಿದ ಕೋರ್ಸ್ ಬಿಟ್ಟು ಕ್ಯಾಪ್‌ಸ್ಟೋನ್ ಮಾತ್ರ ಮಾಡಿ ಪರೀಕ್ಷೆ ಬರೆಯಬಹುದು. ಇಂಥವರಿಗೆ ಕೋರ್ಸ್ ಶುಲ್ಕದ ಸ್ಕಾಲರ್‌ಶಿಪ್‌ನಿಂದ ಅಷ್ಟೇನೂ ಲಾಭ ಇಲ್ಲ. ಪರೀಕ್ಷೆ, ರಿವ್ಯೂ ಕೋರ್ಸ್ ಎರಡನ್ನೂ ಕೊಡುವ ಕಂಪನಿಯ ಹಣವನ್ನೇ ಅವರು ಹುಡುಕುವುದು ಲೇಸು.