ಮೂರೂ ಪೋಲ್ ತೆರೆದವರು ಯಾರು?

ಮಳೆಗಾಲ ಶುರುವಾದರೆ ನನಗೆ ಒಂದು ಫೋನ್ ಬರುವುದು ಖಾಯಂ. "ಸರ್, ಲೈನ್ ಟ್ರಿಪ್ ಆಯ್ತು, ಆಟೋ ರಿಕ್ಲೋಸ್ ಆಗಲಿಲ್ಲ. ರಿಲೇ ಕೆಟ್ಟಿರಬೇಕು." ಪಾಪ ರಿಲೇ! ಲೈನಿನಲ್ಲಿ ಫಾಲ್ಟ್ (ದೋಷ) ಕಂಡರೆ ಬ್ರೇಕರ್ ಎಂಬ ದೊಡ್ಡ ಸ್ವಿಚ್ಚಿಗೆ ತೆರೆಯಲು (ಟ್ರಿಪ್), ಆಮೇಲೆ ತಾನಾಗಿ ಮತ್ತೆ ಮುಚ್ಚಲು (ಆಟೋ ರಿಕ್ಲೋಸ್) ಹೇಳುವ ಸಾಧನ ಅದು. ಪ್ಯಾನೆಲ್ ಮೇಲೆ ಕಣ್ಣಿಗೆ ಕಾಣುವುದು ಅದೊಂದೇ ಅಲ್ವಾ?

ಓವರ್‌ಹೆಡ್ ಲೈನಿನ ಫಾಲ್ಟ್‌ಗಳಲ್ಲಿ ಹೆಚ್ಚಿನವು ಬಂದು ಹೋಗುವಂಥವು. ಸಿಡಿಲಿಗೆ ಇನ್ಸುಲೇಟರ್ ಮೇಲೆ ಆರ್ಕ್ ಹಾರುತ್ತದೆ. ಬ್ರೇಕರ್ ತೆರೆದು ಸ್ವಲ್ಪ ಹೊತ್ತು ಬಿಟ್ಟರೆ ಆರ್ಕ್ ಆರಿಹೋಗುತ್ತದೆ. ಆ ಹೊತ್ತೇ ಡೆಡ್ ಟೈಮ್. ನಮ್ಮ 220 ಕೆವಿ ಲೈನ್‌ಗಳಲ್ಲಿ ಆರ್, ವೈ, ಬಿ ಎಂಬ ಮೂರು ಫೇಸ್‌ಗಳಲ್ಲಿ ಒಂದೇ ಫೇಸಿಗೆ ಫಾಲ್ಟ್ ಆದರೆ ಬ್ರೇಕರಿನಲ್ಲಿ ಆ ಫೇಸಿನ ಪೋಲ್ ಮಾತ್ರ ತೆರೆದು, ಸಾಮಾನ್ಯವಾಗಿ 1 ಸೆಕೆಂಡ್ ಬಿಟ್ಟು ಮುಚ್ಚುತ್ತೇವೆ.

ಒಂದು ಸಬ್‌ಸ್ಟೇಷನ್ನಿನಲ್ಲಿ ಪ್ರತಿ ಸಲವೂ ಲಾಕೌಟ್, ಅಂದರೆ ಬ್ರೇಕರ್ ಮತ್ತೆ ಮುಚ್ಚದೆ ತೆರೆದೇ ಉಳಿಯುತ್ತಿತ್ತು. ರಿಲೇಗೆ ಕೃತಕ ಫಾಲ್ಟ್ ತೋರಿಸುವ ಟೆಸ್ಟ್ ಕಿಟ್ ಹಾಕಿ ಎರಡು ಸಲ ನೋಡಿದ್ದರು, ರಿಲೇ ಪಾಸ್. ನಾನು ಡಿಸ್ಟರ್ಬೆನ್ಸ್ ರೆಕಾರ್ಡ್ (ಫಾಲ್ಟ್ ಹೊತ್ತಿನ ದಾಖಲೆ) ತೆಗೆಸಿದೆ. ಬಿ ಫೇಸ್ ಟ್ರಿಪ್, ರಿಕ್ಲೋಸ್ ಎಣಿಕೆ ಶುರು. ಅರ್ಧ ಸೆಕೆಂಡ್ ಕಳೆದ ಕೂಡಲೇ ಆರ್, ವೈ ಪೋಲ್‌ಗಳೂ ತೆರೆದಿವೆ. ಆದರೆ ರಿಲೇ ಅವಕ್ಕೆ ಟ್ರಿಪ್ ಕೊಟ್ಟೇ ಇಲ್ಲ!

ಯಾರ್ಡಿಗೆ ಹೋಗಿ ಬ್ರೇಕರ್ ಕಿಯೋಸ್ಕ್ (ಬ್ರೇಕರಿನ ಕಂಟ್ರೋಲ್ ಪೆಟ್ಟಿಗೆ) ಬಾಗಿಲು ತೆರೆದೆವು. ಮೂರು ಪೋಲ್‌ಗಳು ಒಂದೇ ಸ್ಥಿತಿಯಲ್ಲಿ ಇಲ್ಲದಿದ್ದರೆ ಎಲ್ಲವನ್ನೂ ತೆರೆಯಲು ಅಲ್ಲೊಂದು ಪೋಲ್ ಡಿಸ್ಕ್ರಿಪೆನ್ಸಿ ಟೈಮರ್ ಇರುತ್ತದೆ. ಅದರ ಗುಂಡಿ 0.5 ಸೆಕೆಂಡಿಗೆ ನಿಂತಿತ್ತು. ಡೆಡ್ ಟೈಮ್ 1 ಸೆಕೆಂಡ್. ರಿಲೇ ಕಾಯುತ್ತಿರುವಾಗಲೇ ಇದು ಆಟ ಮುಗಿಸುತ್ತಿತ್ತು. ಕಿಟ್ ಹಾಕಿದಾಗ ನಿಜವಾದ ಬ್ರೇಕರ್ ಆಡಿಸಿರಲಿಲ್ಲ, ಹಾಗಾಗಿ ಸಿಕ್ಕಿಬೀಳಲಿಲ್ಲ.

ಎಲ್ಲಾ ಕಡೆ ಇದೇ ಕಾರಣ ಅಂತಲ್ಲ. "ಬ್ರೇಕರ್ ರೆಡಿ" ಇನ್‌ಪುಟ್ ರಿಲೇಗೆ ಬರುತ್ತಿದೆಯೇ ನೋಡಿ. ಸ್ಪ್ರಿಂಗ್ ಚಾರ್ಜ್, ಗ್ಯಾಸ್ ಒತ್ತಡ ಎಲ್ಲದರ ಕಾಂಟ್ಯಾಕ್ಟ್‌ಗಳು ಸಾಲಾಗಿ ಜೋಡಿಸಿರುತ್ತವೆ, ಒಂದು ಸಡಿಲವಾದರೂ ಸಾಕು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ: ನಿಜಕ್ಕೂ ರಿಕ್ಲೋಸ್ ಆಗಬೇಕಿತ್ತೇ? ಲೈನನ್ನು ಕೈಯಾರೆ ಚಾರ್ಜ್ ಮಾಡಿದ (ವಿದ್ಯುತ್ ಕೊಟ್ಟ) ಕೂಡಲೇ ಟ್ರಿಪ್ ಆದರೆ ಆಗಬಾರದು. ಝೋನ್ 2 (ಲೈನಿನ ಆಚೆ ತುದಿಯನ್ನೂ ದಾಟಿ ನೋಡುವ ರಿಲೇಯ ವಲಯ) ಕಾದು ಟ್ರಿಪ್ ಮಾಡಿದರೂ ಸಾಮಾನ್ಯವಾಗಿ ಆಗುವುದಿಲ್ಲ. ಆಚೆ ತುದಿಯ ಹತ್ತಿರದ ಫಾಲ್ಟಿಗೆ ಹೀಗಾದರೆ ಸುಮ್ನೆ ರಿಲೇ ಬಿಚ್ಚಬೇಡಿ, ಕಾಯದೆ ಟ್ರಿಪ್ ಮಾಡಲು ಆಚೆ ತುದಿಯ ರಿಲೇ ಕಳಿಸುವ ಕ್ಯಾರಿಯರ್ ಸಿಗ್ನಲ್ ಬಂದಿದೆಯೇ ನೋಡಿ. ಇದನ್ನು ಮರೆಯುವವರೇ ಜಾಸ್ತಿ.

ನಮ್ಮ ಟೈಮರನ್ನು 2.5 ಸೆಕೆಂಡಿಗೆ ತಿರುಗಿಸಿ, ಎಲ್.ಸಿ. (ಲೈನ್ ಕ್ಲಿಯರ್, ಕೆಲಸ ಮಾಡಲು ಅನುಮತಿ) ತಗೊಂಡು, ಈ ಸಲ ಬ್ರೇಕರ್ ಸಮೇತ ಟೆಸ್ಟ್ ಮಾಡಿದೆವು. ಬಿ ಪೋಲ್ ತೆರೆಯಿತು. ಒಂದು ಸೆಕೆಂಡ್ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಧಡ್ ಎಂದು ಮುಚ್ಚಿತು. ಆಪರೇಟರ್ ಆಗಲೇ ಆಚೆ ತುದಿಗೆ ಫೋನ್ ಹಚ್ಚಿದ್ದ: "ಅಣ್ಣಾ, ನಿಮ್ಮ ಕಿಯೋಸ್ಕ್ ಟೈಮರ್ ಎಷ್ಟಕ್ಕಿದೆ, ಸ್ವಲ್ಪ ನೋಡಿ ಹೇಳಿ."