ಇಂಜೆಕ್ಷನ್ ತಪ್ಪಿಲ್ಲ, ಪಿಎಸ್‌ಎ ಯಾಕೆ ಏರುತ್ತಿದೆ?

ಫೈಲಿನ ಹಿಂಬದಿಯ ರಟ್ಟಿನ ಮೇಲೆ ಮಗಳು ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದಳು: 0.4, 0.9, 2.1, 4.6. ಒಂದು ವರ್ಷದ ಪಿಎಸ್‌ಎ ಲೆಕ್ಕ, ಅಂದರೆ ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಬೆಳೆದಂತೆ ರಕ್ತದಲ್ಲಿ ಏರುವ ಪ್ರೋಟೀನಿನ ಲೆಕ್ಕ. ಕೊನೆಯ ಅಂಕಿಗೆ ಎರಡು ಸಲ ಸುತ್ತು ಹಾಕಿದ್ದಳು. ಅಪ್ಪ ಮಲೆನಾಡಿನ ಅಡಿಕೆ ಬೆಳೆಗಾರರು. ಕುರ್ಚಿಯ ತುದಿಯಲ್ಲಿ ಕೂತು ಕೇಳಿದರು: "ಹಾರ್ಮೋನ್ ಇಂಜೆಕ್ಷನ್ ನಾಟ್ತಾ ಇಲ್ಲ ಅಂದ್ರೆ ಇನ್ನೇನೂ ಉಳಿದಿಲ್ಲ ಅಲ್ವಾ ಡಾಕ್ಟ್ರೇ?"

ಉಳಿದಿದೆ, ಬೇಕಾದಷ್ಟು ಉಳಿದಿದೆ. ಆದರೆ ನಾನು ಮೊದಲು ಕೇಳಿದ್ದು, "ಕೊನೆಯ ಇಂಜೆಕ್ಷನ್ ಯಾವಾಗ ಹಾಕಿಸಿಕೊಂಡ್ರಿ?"

ಮೂರು ತಿಂಗಳಿಗೊಮ್ಮೆ ಹಾಕಿಸಬೇಕಾದ ಇಂಜೆಕ್ಷನ್ ಕೊಯ್ಲು, ಮದುವೆ ಅಂತ ಮುಂದೆ ಹೋಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹಾಗಾಗಿ ಪಿಎಸ್‌ಎ ಏರಿದಾಗ ಇಂಜೆಕ್ಷನ್ ಇಳಿಸಬೇಕಾದ ಗಂಡು ಹಾರ್ಮೋನ್ ಟೆಸ್ಟೋಸ್ಟೆರಾನ್ ರಕ್ತದಲ್ಲಿ ಎಷ್ಟಿದೆ ಅಂತ ನೋಡಲೇಬೇಕು. ಡೆಸಿಲೀಟರ್‌ಗೆ 50 ನ್ಯಾನೋಗ್ರಾಂಗಿಂತ ಕಡಿಮೆ ಇದ್ದೂ ಕಾಯಿಲೆ ಬೆಳೆಯುತ್ತಿದ್ದರೆ ಮಾತ್ರ ಅದು ಹಾರ್ಮೋನ್ ಚಿಕಿತ್ಸೆಗೆ ಬಗ್ಗದ ಕ್ಯಾನ್ಸರ್. ಇವರಿಗೆ 14 ಇತ್ತು. ಇಂಜೆಕ್ಷನ್ ತನ್ನ ಕೆಲಸ ಮಾಡುತ್ತಲೇ ಇತ್ತು.

ಮತ್ತೆ ಕ್ಯಾನ್ಸರ್ ಬೆಳೆದದ್ದು ಹೇಗೆ? ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಗಂಡು ಹಾರ್ಮೋನೇ ಆಹಾರ ಅಂತ ಅಮೆರಿಕದ ಸರ್ಜನ್ ಚಾರ್ಲ್ಸ್ ಹಗ್ಗಿನ್ಸ್ 1941ರಲ್ಲಿ ತೋರಿಸಿದರು. ಅದಕ್ಕೆ 1966ರಲ್ಲಿ ನೊಬೆಲ್ ಬಂತು. ಇಂಜೆಕ್ಷನ್ ಬೀಜದಲ್ಲಿ (ವೃಷಣದಲ್ಲಿ) ತಯಾರಾಗುವ ಹಾರ್ಮೋನನ್ನು ನಿಲ್ಲಿಸುತ್ತದೆ. ಆದರೆ ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯಿಂದ ಒಂದಿಷ್ಟು ಬರುತ್ತಲೇ ಇರುತ್ತದೆ. ಕ್ಯಾನ್ಸರ್ ಕಣ ತಾನೇ ಒಲೆ ಹೂಡಿ ಬೇಯಿಸಿಕೊಳ್ಳುವುದನ್ನೂ ಕಲಿಯುತ್ತದೆ. ಒಂದು ತುತ್ತು ಸಿಕ್ಕರೂ ಬಿಡಬಾರದು ಅಂತ ಹಾರ್ಮೋನ್ ಹಿಡಿಯುವ ರಿಸೆಪ್ಟರ್‌ಗಳನ್ನು ಜಾಸ್ತಿ ಮಾಡಿಕೊಳ್ಳುತ್ತದೆ. ಅಂದರೆ ಹಾರ್ಮೋನಿನ ಹಸಿವು ಇನ್ನೂ ಹೋಗಿಲ್ಲ. ಅದಕ್ಕೇ ಹೇಳುತ್ತೇನೆ, ಹಳೆಯ ಇಂಜೆಕ್ಷನ್ ನಿಲ್ಲಿಸಬೇಡಿ. ಅದರ ಜೊತೆಗೇ ಹೊಸ ಔಷಧಿ ಸೇರಬೇಕು.

ಅಬಿರಾಟೆರೋನ್ ಮಾತ್ರೆ ಆ ಒಲೆಗಳನ್ನೆಲ್ಲ ಆರಿಸುತ್ತದೆ. ಎಂಜಾಲುಟಮೈಡ್ ರಿಸೆಪ್ಟರಿನ ಬಾಯಿಯನ್ನೇ ಮುಚ್ಚುತ್ತದೆ. ಮೊದಲನೆಯದರ ಜೊತೆ ಸ್ಟೀರಾಯ್ಡ್ ಬೇಕು. ಬಿಪಿ, ಪೊಟ್ಯಾಸಿಯಂ, ಶುಗರ್, ಲಿವರ್ ಮೇಲೆ ಕಣ್ಣಿಡಬೇಕು. ಎರಡನೆಯದರಲ್ಲಿ ಸುಸ್ತು ಜಾಸ್ತಿ, ಫಿಟ್ಸ್ ಬಂದಿದ್ದವರಿಗೆ ನಾನು ಕೊಡುವುದಿಲ್ಲ. ಅಬಿರಾಟೆರೋನ್ ದಿನಕ್ಕೆ 1000 ಮಿ.ಗ್ರಾಂ ಖಾಲಿ ಹೊಟ್ಟೆಯಲ್ಲಿ ತಗೊಳ್ಳಬೇಕು. 250 ಮಿ.ಗ್ರಾಂ ಅನ್ನು ಕಡಿಮೆ ಕೊಬ್ಬಿನ ತಿಂಡಿಯ ಜೊತೆ ಕೊಟ್ಟರೂ ಪಿಎಸ್‌ಎ ಅಷ್ಟೇ ಇಳಿಯಿತು ಅಂತ 2018ರ ಒಂದು ಸಣ್ಣ ಅಧ್ಯಯನ ಹೇಳಿತು. ದುಡ್ಡಿನ ಕಷ್ಟ ಇರುವ ಮನೆಗೆ ಇದು ದೊಡ್ಡ ಮಾತು. ಆದರೆ ಡಾಕ್ಟರನ್ನು ಕೇಳದೆ ನೀವೇ ಡೋಸ್ ಇಳಿಸಬೇಡಿ.

ಈಗ ಎಷ್ಟೋ ಜನರಿಗೆ ಈ ಮಾತ್ರೆಗಳನ್ನು ಶುರುವಿನಲ್ಲೇ ಕೊಟ್ಟಿರುತ್ತಾರೆ. ಒಂದು ಸೋತ ಮೇಲೆ ಇನ್ನೊಂದಕ್ಕೆ ಬದಲಾಯಿಸಿದರೆ ಸಿಗುವ ಲಾಭ ಸಾಮಾನ್ಯವಾಗಿ ಕಡಿಮೆ. ಆಗ ಡೋಸಿಟ್ಯಾಕ್ಸೆಲ್ ಕೀಮೋ. ಈ ಹಂತದಲ್ಲಿ ಆಯಸ್ಸು ಹೆಚ್ಚಿಸುತ್ತದೆ ಅಂತ 2004ರಲ್ಲೇ ಸಾಬೀತಾದ ಔಷಧಿ. ಕೀಮೋ ಅಂದರೆ ಮನೆಯವರೇ ಮೊದಲು ಹೆದರುತ್ತಾರೆ. ಓಡಾಡಿಕೊಂಡಿರುವ ಎಪ್ಪತ್ತೈದರ ಅಜ್ಜಂದಿರು ಮೂರು ವಾರಕ್ಕೊಮ್ಮೆ ಬಂದು, ಹಾಕಿಸಿಕೊಂಡು, ಸಂಜೆ ಬಸ್ಸಿಗೆ ಊರಿಗೆ ಹೋಗುವುದನ್ನು ನಾನು ನೋಡುತ್ತಲೇ ಇದ್ದೇನೆ. ಜ್ವರ ಬಂದರೆ ಮಾತ್ರ ಮಾತ್ರೆ ನುಂಗಿ ಕಾಯಬಾರದು, ರಾತ್ರಿಯಾದರೂ ಆಸ್ಪತ್ರೆಗೆ ಬರಬೇಕು.

ಅದರಾಚೆಗೆ ಕ್ಯಾಬಜಿಟ್ಯಾಕ್ಸೆಲ್ ಅನ್ನುವ ಇನ್ನೊಂದು ಕೀಮೋ ಇದೆ. ಪ್ರಾಸ್ಟೇಟ್ ಕ್ಯಾನ್ಸರ್ ಕಣದ ಮೇಲಿನ ಒಂದು ಪ್ರೋಟೀನನ್ನು ಹುಡುಕುವ ಪಿಎಸ್‌ಎಂಎ ಪೆಟ್ ಸ್ಕ್ಯಾನ್‌ನಲ್ಲಿ ಗಡ್ಡೆಗಳು ಚೆನ್ನಾಗಿ ಬೆಳಗಿದರೆ, ಆ ಗಡ್ಡೆಗಳಿಗೇ ವಿಕಿರಣ ಮುಟ್ಟಿಸುವ ಲುಟೀಶಿಯಂ ಚಿಕಿತ್ಸೆ ಇದೆ. ಡಿಎನ್‌ಎ ರಿಪೇರಿ ಮಾಡುವ ಬಿಆರ್‌ಸಿಎ ಜೀನ್‌ನಲ್ಲಿ ದೋಷವಿದ್ದರೆ ಓಲಾಪರಿಬ್ ಮಾತ್ರೆ. ಆ ದೋಷ ಹುಟ್ಟಿನಿಂದಲೇ ಬಂದದ್ದಾದರೆ ಹೆಣ್ಣುಮಕ್ಕಳಿಗೂ ಪರೀಕ್ಷೆ ಬೇಕು, ಅವರಿಗೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಅಪಾಯ ಇರುತ್ತದೆ. ಅಪ್ಪನ ಫೈಲು ಹಿಡಿದು ಬಂದ ಮಗಳಿಗೆ ಇದನ್ನು ಹೇಳುವಾಗ ನನಗೆ ಪ್ರತಿ ಸಲ ಸಂಕಟವಾಗುತ್ತದೆ. ಆದರೂ ಹೇಳುತ್ತೇನೆ.

ಇವರ ಸ್ಕ್ಯಾನ್‌ನಲ್ಲಿ ಬೆನ್ನುಮೂಳೆಯಲ್ಲಿ ಎರಡು ಕಡೆ ಕಾಯಿಲೆ ಕಂಡಿತು. ಅಬಿರಾಟೆರೋನ್ ಶುರು ಮಾಡಿದೆವು. ಮೂಳೆಗೆ ಝೊಲೆಡ್ರಾನಿಕ್ ಆಸಿಡ್ ಕೊಡುವ ಮುಂಚೆ ಹಲ್ಲಿನ ಡಾಕ್ಟರ ಬಳಿ ಕಳಿಸಿದೆ. ಈ ಔಷಧಿ ನಡೆಯುವಾಗ ಹಲ್ಲು ಕೀಳಿಸಿದರೆ ದವಡೆ ಮೂಳೆ ಮಾಯದೆ ಕೊಳೆಯಬಹುದು.

ಏಳುವಾಗ ಮಗಳಿಗೆ ಒಂದು ಮಾತು ಹೇಳಿದೆ. ಬೆನ್ನುನೋವು ಒಮ್ಮೆಲೇ ಜಾಸ್ತಿಯಾದರೆ, ಕಾಲು ಸೋತರೆ, ಮೂತ್ರ ಕಟ್ಟಿದರೆ ಮರುದಿನಕ್ಕೆ ಇಡಬೇಡಿ. ಬೆನ್ನುಹುರಿ ಒತ್ತಿಹೋಗುತ್ತಿರಬಹುದು. ತಡಮಾಡಿದರೆ ಹೋದ ಶಕ್ತಿ ವಾಪಸ್ ಬರುವುದು ಕಷ್ಟ. ಅವಳು ಪೆನ್ಸಿಲ್ ತೆಗೆದು 4.6ರ ಕೆಳಗೆ ಬರೆದುಕೊಂಡಳು: "ಕಾಲು ಸೋತರೆ ಅವತ್ತೇ."