ಹಳೆಯ ಕರ್ನಲ್‌ಗೆ ಹೊಸ ಡ್ರೈವರ್: ಕಂಪೈಲ್ ಆದರೆ ಸಾಲದು

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿಯೂ ಕೇರಳದ ಉಳಿದ ಸರಕಾರಿ ಶಾಲೆಗಳಂತೆ ಉಬುಂಟು ಆಧಾರಿತ ಕೈಟ್ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಬಳಕೆಯಲ್ಲಿದೆ. ಹೊಸ ಲ್ಯಾಪ್‌ಟಾಪಿಗೆ ಹಳೆಯ ಉಬುಂಟು 18.04 ಹಾಕಿದರೆ ವೈಫೈ ಕಾಣುವುದಿಲ್ಲವೆಂದು ಮಂಜೇಶ್ವರ, ಬದಿಯಡ್ಕ ಕಡೆಯ ಅಧ್ಯಾಪಕರು ಆಗಾಗ ಕೇಳುತ್ತಾರೆ. ಉಬುಂಟು 18.04 ಹೊರಬಂದದ್ದು 4.15 ಕರ್ನಲ್‌ನೊಂದಿಗೆ (ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಂನ ತಿರುಳು), ರಿಯಲ್‌ಟೆಕ್ 8821ಸಿಇ ಎಂಬ ವೈಫೈ ಚಿಪ್‌ನ ಡ್ರೈವರ್ (ಆ ಚಿಪ್ಪನ್ನು ನಡೆಸುವ ತಂತ್ರಾಂಶ) ಮೂಲ ಕರ್ನಲ್‌ಗೆ ಸೇರಿದ್ದು 5.9ರಲ್ಲಿ. ಇಂಥಲ್ಲಿ ಕರ್ನಲ್ಲನ್ನೇ ಹೊಸದು ಮಾಡುವುದು ಲೇಸು. ಲೆಕ್ಕಪತ್ರದ ತಂತ್ರಾಂಶವು ಹಳೆಯ ಕರ್ನಲ್‌ಗೇ ಅಂಟಿಕೊಂಡಿರುವ ಸಹಕಾರಿ ಸಂಘದ ಸರ್ವರ್‌ನಂಥ ಕಡೆ ಮಾತ್ರ ಹೊಸ ಡ್ರೈವರನ್ನು ಹಳೆಯ ಕರ್ನಲ್‌ಗೆ ಒಗ್ಗಿಸಬೇಕಾಗುತ್ತದೆ.

ಲಿನಕ್ಸ್ ಕರ್ನಲ್ ತನ್ನ ಮೇಲೆ ಓಡುವ ಪ್ರೋಗ್ರಾಂಗಳಿಗೆ ಕೊಟ್ಟ ಮಾತನ್ನು ಸಾಮಾನ್ಯವಾಗಿ ತಪ್ಪುವುದಿಲ್ಲ. ಡ್ರೈವರುಗಳಿಗೆ ಅದು ಅಂಥ ಮಾತನ್ನೇ ಕೊಟ್ಟಿಲ್ಲ. ಈಥರ್ನೆಟ್ ಕಾರ್ಡಿನಿಂದ ಪ್ಯಾಕೆಟ್ ಹೊರಹೋಗದೆ ನಿಂತಾಗ ಕರ್ನಲ್ ಕರೆಯುವ ಟೈಮ್‌ಔಟ್ ಫಂಕ್ಷನ್‌ಗೆ ಕರ್ನಲ್ 5.5ರವರೆಗೆ ಒಂದೇ ಆರ್ಗ್ಯುಮೆಂಟ್ (ಕರೆಯುವಾಗ ಕೊಡುವ ಮಾಹಿತಿ) ಇತ್ತು, 5.6ರಲ್ಲಿ, ಯಾವ ಕ್ಯೂ (ಪ್ಯಾಕೆಟ್‌ಗಳ ಸಾಲು) ನಿಂತಿದೆಯೆಂದು ತಿಳಿಸುವ ಎರಡನೆಯದು ಸೇರಿತು. ಹೊಸ ಡ್ರೈವರನ್ನು ಹಳೆಯ ಕರ್ನಲ್‌ನಲ್ಲಿ ಕಂಪೈಲ್ ಮಾಡುವಾಗ ಎರರ್ ಬಂದು ನಿಂತರೆ ಅದು ಪುಣ್ಯ. ತೀರ ಹಳೆಯ ಕರ್ನಲ್‌ಗಳಲ್ಲಿ ಬರೀ ವಾರ್ನಿಂಗ್ ಬಂದು ಮುಂದೆ ಹೋಗುತ್ತದೆ. ಎರರ್ ಬಂದರೂ ಒಂದು ಟೈಪ್ ಕಾಸ್ಟ್ (ಎರಡು ರೂಪಗಳೂ ಒಂದೇ ಎಂದು ಕಂಪೈಲರಿಗೆ ಹೇಳಿಬಿಡುವುದು) ಹಾಕಿ ಬಾಯಿ ಮುಚ್ಚಿಸುವವರಿದ್ದಾರೆ. ಕಂಪೈಲ್ ಆದ ಡ್ರೈವರ್, ಅಂದರೆ ಮಾಡ್ಯೂಲ್, ಲೋಡ್ ಆಗುತ್ತದೆ, ನೆಟ್‌ವರ್ಕೂ ಸರಿಯಾಗಿಯೇ ಓಡುತ್ತದೆ. ಎಂದೋ ಒಮ್ಮೆ ಪ್ಯಾಕೆಟ್ ನಿಂತಾಗ, ಪ್ರೊಸೆಸರಿನ ರಿಜಿಸ್ಟರಿನಲ್ಲಿ ಉಳಿದಿದ್ದ ಯಾವುದೋ ಕಸವನ್ನು ಡ್ರೈವರ್ ಕ್ಯೂ ಸಂಖ್ಯೆಯೆಂದು ನಂಬಿ, ಇಲ್ಲದ ಮೆಮೊರಿಗೆ ಕೈಹಾಕಿ, ಇಡೀ ಸರ್ವರನ್ನು ಕೆಡವಬಹುದು. ಆಗ ಎಲ್ಲರೂ ಮೊದಲು ಕೇಬಲನ್ನೇ ಶಂಕಿಸುತ್ತಾರೆ.

ಹಳೆಯ ಕರ್ನಲ್ ಕರೆಯಬಲ್ಲ ಒಂದು ಸಣ್ಣ ಫಂಕ್ಷನನ್ನು ಪ್ರತ್ಯೇಕ ಕಡತದಲ್ಲಿ ಬರೆದು, ನಿಂತ ಕ್ಯೂವನ್ನು ಅದರೊಳಗೇ ಹುಡುಕಿ, ಆ ಸಂಖ್ಯೆಯೊಂದಿಗೆ ಡ್ರೈವರಿನ ಫಂಕ್ಷನನ್ನು ಕರೆಯುವುದು ಸರಿಯಾದ ದಾರಿ. ಸುಮ್ಮನೆ ಸೊನ್ನೆ ಕೊಟ್ಟು ಕೈತೊಳೆದುಕೊಳ್ಳಬಾರದು. ಡ್ರೈವರಿನ ಮೂಲ ಕಡತಗಳನ್ನು ಆದಷ್ಟು ಮುಟ್ಟದಿದ್ದರೆ ಮುಂದಿನ ಆವೃತ್ತಿಯ ತಿದ್ದುಪಡಿಗಳನ್ನು ತರುವುದು ಸುಲಭವಾಗುತ್ತದೆ. ಹೊಸ ಡ್ರೈವರುಗಳನ್ನು ಹಳೆಯ ಕರ್ನಲ್‌ಗಳಿಗೆ ತರುವ ಲಿನಕ್ಸ್‌ನ ಬ್ಯಾಕ್‌ಪೋರ್ಟ್ಸ್ ಯೋಜನೆಯೂ ಹೊಂದಾಣಿಕೆಯನ್ನು ಬೇರೆ ಪದರದಲ್ಲಿಟ್ಟು, ಅನಿವಾರ್ಯವಾದ ತಿದ್ದುಪಡಿಗಳಲ್ಲಿ ಹಲವನ್ನು ಕೋಡನ್ನು ತಾನಾಗಿ ತಿದ್ದುವ ಕಾಕ್ಸಿನೆಲ್ ಎಂಬ ಸಾಧನದಿಂದ ಮಾಡಿಸುತ್ತದೆ.

ಆವೃತ್ತಿ ಸಂಖ್ಯೆಯನ್ನು ನೋಡಿ ಕವಲೊಡೆಯುವ ಕೋಡನ್ನು ನಾನು ನೆಚ್ಚುವುದಿಲ್ಲ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರ ಕರ್ನಲ್ ಹೆಸರಿಗೆ 4.18 ಆದರೂ ಅದರೊಳಗೆ ನಂತರದ ಆವೃತ್ತಿಗಳಿಂದ ತಂದ ಭಾಗಗಳು ಬಹಳಷ್ಟಿವೆ. ಆದ್ದರಿಂದ ಆ ಯಂತ್ರದ ಹೆಡರ್ ಕಡತವನ್ನೇ (ಕರ್ನಲ್ ಫಂಕ್ಷನ್‌ಗಳ ರೂಪವನ್ನು ಘೋಷಿಸುವ ಕಡತ) ತೆರೆದು ಫಂಕ್ಷನಿನ ರೂಪವನ್ನು ನೋಡಬೇಕು. ಮಾಡ್ಯೂಲುಗಳನ್ನು ನೋಡಿಕೊಳ್ಳುವ ಡಿಕೆಎಂಎಸ್ ಎಂಬ ಸಾಧನಕ್ಕೆ ಸೇರಿಸಿದರೆ ಕರ್ನಲ್ ಅಪ್‌ಡೇಟ್ ಆದಾಗಲೆಲ್ಲ ಮಾಡ್ಯೂಲ್ ತಾನಾಗಿ ಮರುಕಂಪೈಲ್ ಆಗುತ್ತದೆ, ಆದರೆ ಚಿಪ್‌ನೊಳಗೇ ಓಡುವ ಫರ್ಮ್‌ವೇರ್‌ನ ಕಡತವನ್ನು ನಾವೇ ತಂದಿಡಬೇಕು. ಸಹಿಯಿಲ್ಲದ ಕೋಡನ್ನು ತಡೆಯುವ ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಮಾಡ್ಯೂಲಿಗೆ ಸಹಿ ಹಾಕಿ, ಆ ಕೀಲಿಯನ್ನು ಯಂತ್ರದಲ್ಲಿ ನೋಂದಾಯಿಸಬೇಕು.